ಫ್ಯಾಕ್ಸ್ ರಿಪೋರ್ಟ್ ಚೀಟಿ ಮೇಲೆ ನನ್ನ ಐಎಸ್‌ಡಿ ಕೋಡ್ ಪ್ರಿಂಟ್ ಆಗ್ತಿದೆ, ಏನು ಮಾಡಲಿ?

ಗಂಜ್ ಲೆಕ್ಕದಕ್ಕ, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಈ ವಾರ ಆಫೀಸಿನಲ್ಲಿ ನಡೆದದ್ದು ಮನಸ್ಸಿಗೆ ಬಹಳ ನೋವು ಮಾಡಿದೆ. ಗೊತ್ತಿದ್ದವರು ದಾರಿ ಹೇಳಿ.

ಈಗಲೂ ಫ್ಯಾಕ್ಸ್ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಬೇಲ್‌ಗಳು, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆಗಳು, ಬಾಂಗ್ಲಾದೇಶಕ್ಕೆ ಹೋಗುತ್ತವೆ. ಅಲ್ಲಿನ ಹಳೆಯ ಖರೀದಿದಾರರೊಬ್ಬರಿಗೆ ಕ್ಯಾಂಡಿ (ಹತ್ತಿ ತೂಕದ ಅಳತೆ) ರೇಟು, ಬೇಲ್ ಲೆಕ್ಕ ಎಲ್ಲವೂ ಸಹಿ ಹಾಕಿದ ಕಾಗದದಲ್ಲೇ ಬರಬೇಕು. ಬ್ಯಾಂಕಿಗೂ ನಮ್ಮ ಸಾಹುಕಾರರು ಫ್ಯಾಕ್ಸ್ ಇಂಡೆಮ್ನಿಟಿ, ಅಂದರೆ ಫ್ಯಾಕ್ಸ್ ನಂಬಿ ಮಾಡಿದ ಕೆಲಸಕ್ಕೆ ತಾವೇ ಹೊಣೆ ಅನ್ನುವ ಪತ್ರ, ಬರೆದುಕೊಟ್ಟಿದ್ದಾರೆ. ಅವರು ಊರಲ್ಲಿ ಇಲ್ಲದಾಗ ಸಹಿ ಮಾಡಿದ ಪತ್ರ ಫ್ಯಾಕ್ಸ್ ಹೋದರೆ ಬ್ಯಾಂಕಿನಲ್ಲಿ ಕೆಲಸ ನಡೆಯುತ್ತದೆ. ಸೀಸನ್‌ನಲ್ಲಿ, ಅಂದರೆ ದೀಪಾವಳಿಯಿಂದ ಯುಗಾದಿವರೆಗೆ, ದಿನಕ್ಕೆ ಎಂಟು ಹತ್ತು ಫ್ಯಾಕ್ಸ್ ಇದ್ದೇ ಇರುತ್ತವೆ.

ನಮ್ಮ ಫೋನ್‌ಗಳೆಲ್ಲ ಇಪಿಎಬಿಎಕ್ಸ್, ಅಂದರೆ ಆಫೀಸಿನದ್ದೇ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್, ಮೇಲಿವೆ. ಫ್ಯಾಕ್ಸ್ ಕೂಡ ಅದರದ್ದೇ ಒಂದು ಎಕ್ಸ್‌ಟೆನ್ಷನ್. ಊರೊಳಗೆ, ದೇಶದೊಳಗೆ ಯಾರು ಬೇಕಾದರೂ ಮಾತಾಡಬಹುದು. ಐಎಸ್‌ಡಿ, ಅಂದರೆ ಹೊರದೇಶದ ಕರೆ, ಆದರೆ ಮೊದಲು ನಾಲ್ಕು ಅಂಕಿಯ ಕೋಡ್ ಒತ್ತಬೇಕು. ಕೋಡ್ ಇರುವುದು ಮೂವರಿಗೆ ಮಾತ್ರ. ಸಾಹುಕಾರರು, ಅವರ ಮಗ, ನಾನು. ಮೂವರದ್ದೂ ಬೇರೆ ಬೇರೆ. ನನ್ನ ಕೋಡನ್ನು ನಾನು ಡೈರಿಯಲ್ಲಿ ಕೂಡ ಬರೆದಿಟ್ಟಿಲ್ಲ. ಫ್ಯಾಕ್ಸ್ ಹಾಕುವಾಗ ಕಾಗದ ಜೋಡಿಸುವುದು ಆಫೀಸ್ ಹುಡುಗ, ನಂಬರ್ ಒತ್ತುವುದು ನಾನೇ. ಒತ್ತುವಾಗ ಅವನು ತಾನಾಗಿಯೇ ಆ ಕಡೆ ತಿರುಗಿ ನಿಲ್ಲುತ್ತಾನೆ. ಅಷ್ಟು ಮರ್ಯಾದೆಯ ಹುಡುಗ.

ಹೋದ ತಿಂಗಳ ಲೆಕ್ಕದಲ್ಲಿ ನನ್ನ ಕೋಡ್ ಹೆಸರಿಗೆ 6,340 ರೂಪಾಯಿಯ ಐಎಸ್‌ಡಿ ಬಂದಿದೆ. ನಮಗೆ ಯಾರಿಗೂ ಗೊತ್ತಿಲ್ಲದ ಒಂದೇ ನಂಬರಿಗೆ, ಮತ್ತೆ ಮತ್ತೆ. ನಾನು ಮಾಡಿಲ್ಲ ಅಂತ ಸಾಹುಕಾರರು ನಂಬಿದರು. ಆಮೇಲೆ ಅವರ ಮಗ ಹೇಳಿದ ಮಾತು, "ಹಂಗಾದ್ರ ಫ್ಯಾಕ್ಸ್ ಹತ್ರ ನಿಲ್ಲೋನು ಆ ಹುಡುಗ ಒಬ್ಬನೇ. ಅವನ ಪಗಾರದಾಗ ಹಿಡೀರಿ." ಹುಡುಗನಿಗೆ 19 ವರ್ಷ. ದೇವದುರ್ಗದ ಕಡೆಯ ಹಳ್ಳಿಯವನು. ಅವನ ಸಂಬಳದಿಂದಲೇ ಮನೆ ನಡೆಯುತ್ತದೆ. ಅವನು ಒಂದೂ ಮಾತಾಡಲಿಲ್ಲ. ಚಹಾದ ಲೋಟಗಳನ್ನು ತೆಗೆದುಕೊಂಡು ಹೊರಗೆ ಹೋದ.

ನಿನ್ನೆ ಸಂಜೆ ಫೈಲ್ ಕಟ್ಟುತ್ತಾ ಕೂತಿದ್ದೆ. ಫ್ಯಾಕ್ಸ್ ಹೋದ ಮೇಲೆ ಮೆಷಿನ್ ಒಂದು ರಿಪೋರ್ಟ್ ಚೀಟಿ ಕೊಡುತ್ತದಲ್ವಾ, ಅದನ್ನು ಪತ್ರದ ಹಿಂದೆ ಪಿನ್ ಮಾಡುವುದು ನಮ್ಮ ಪದ್ಧತಿ. ತಾರೀಖು, ಟೈಮು, ಎಷ್ಟು ಪುಟ, ಕೊನೆಗೆ ಓಕೆ. ಇಷ್ಟು ವರ್ಷ ಆ ಓಕೆ ಬಿಟ್ಟರೆ ಬೇರೇನೂ ನೋಡಿರಲಿಲ್ಲ. ನಿನ್ನೆ ನಂಬರ್ ಇರುವ ಸಾಲು ನೋಡಿದೆ. ಮೊದಲು ನಾಲ್ಕು ಅಂಕಿ. ಆಮೇಲೆ ಒಂದು ಸಣ್ಣ ಅಡ್ಡಗೆರೆ, ನಡುವೆ ಸ್ವಲ್ಪ ತಡೆಯಲು ನಾನು ಪಾಜ್ ಬಟನ್ ಒತ್ತಿದ ಜಾಗ. ಆಮೇಲೆ ಲೈನ್ ಹಿಡಿಯುವ ಸೊನ್ನೆ, 00880, ಢಾಕಾದ ನಂಬರ್. ಆ ನಾಲ್ಕು ಅಂಕಿ ನನ್ನ ಕೋಡ್. ಫೈಲ್ ತಿರುವುತ್ತಾ ಹೋದೆ. ಪ್ರತಿ ಚೀಟಿಯಲ್ಲೂ ಇದೆ.

ನಾನು ಕೇಳಬೇಕಾದದ್ದು ಇಷ್ಟು. ಇದನ್ನು ನಿಲ್ಲಿಸುವುದು ಹೇಗೆ? ಮೆಷಿನ್ ಒಳಗೆ ಇನ್ನೆಲ್ಲಿ ಉಳಿದಿರಬಹುದು? ಆ ಕರೆಗಳನ್ನು ಯಾವ ಫೋನಿನಿಂದ ಮಾಡಿದ್ದಾರೆ ಅಂತ ತಿಳಿಯಲು ಸಾಧ್ಯವಾ? ಇದು ಗೊತ್ತಾದರೆ ಆ ಹುಡುಗನ ಮುಖ ನೋಡುವ ಧೈರ್ಯ ನನಗೆ ಬರುತ್ತದೆ.

ಲೈನ್ ಮಿಸ್ತ್ರಿ, ಶಕ್ತಿನಗರ

ಅಕ್ಕಾ, ಮೊದಲು ಹುಡುಗನ ವಿಷಯ ಮುಗಿಸೋಣ. ನಿಮ್ಮ ಇಪಿಎಬಿಎಕ್ಸ್ ಪ್ರತಿ ಕರೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಎಸ್‌ಎಂಡಿಆರ್ ಅನ್ನುತ್ತಾರೆ. ಯಾವ ಎಕ್ಸ್‌ಟೆನ್ಷನ್, ಯಾವ ನಂಬರ್, ಎಷ್ಟು ಗಂಟೆಗೆ, ಎಷ್ಟು ನಿಮಿಷ, ಯಾವ ಕೋಡ್, ಎಲ್ಲ ಇರುತ್ತದೆ. ತಿಂಗಳ ಲೆಕ್ಕ ತೆಗೆಯುವವರು ಸಾಮಾನ್ಯವಾಗಿ ಕೋಡ್‌ವಾರು ಮೊತ್ತ ಮಾತ್ರ ಕೊಟ್ಟು ಸುಮ್ನಾಗುತ್ತಾರೆ. ನೀವು ಎಕ್ಸ್‌ಟೆನ್ಷನ್‌ವಾರು ವಿವರ ಕೇಳಿ. ಇಪಿಎಬಿಎಕ್ಸ್ ಬೋರ್ಡ್ ಹಾಕಿಕೊಟ್ಟವರಿಗೆ ಅರ್ಧ ಗಂಟೆಯ ಕೆಲಸ. ಅದರ ಮೆಮೊರಿ ತುಂಬಿದರೆ ಹಳೆಯದು ಅಳಿಸಿ ಹೋಗುತ್ತದೆ, ಅದಕ್ಕೇ ನಾಳೆಯೇ ತೆಗೆಸಿ. ಆ ಕಾಗದದ ಮೇಲೂ ಕೋಡ್ ಇರುತ್ತದೆ, ಟೇಬಲ್ ಮೇಲೆ ಬಿಟ್ಟು ಹೋಗಬೇಡಿ.

ಈ ಉತ್ತರ ಓದುವ ಮುಂಚೆಯೇ ಕೋಡ್ ಬದಲಿಸಿರುತ್ತೀರಿ ಅಂದುಕೊಂಡಿದ್ದೇನೆ. ಇಲ್ಲವಾದರೆ ಈಗಲೇ ಬದಲಿಸಿ.

ಇನ್ನು ಫ್ಯಾಕ್ಸ್. ಯಾವುದು ಕೋಡ್, ಯಾವುದು ನಂಬರ್ ಅನ್ನುವುದು ಮೆಷಿನ್‌ಗೆ ಗೊತ್ತಾಗುವುದಿಲ್ಲ. ನೀವು ಒತ್ತಿದ್ದೆಲ್ಲ ಅದಕ್ಕೆ ಒಂದೇ ಉದ್ದ ನಂಬರ್. ಹಾಗಾಗಿ ಆ ನಂಬರ್ ಹೋಗುವ ಕಡೆಯೆಲ್ಲ ಕೋಡ್ ಕೂಡ ಹೋಗುತ್ತದೆ. ಒತ್ತುವಾಗ ಡಿಸ್‌ಪ್ಲೇ ಮೇಲೆ ಕಾಣುತ್ತದೆ. ರಿಪೋರ್ಟ್ ಚೀಟಿ ಮೇಲೆ ಬರುತ್ತದೆ. ಇಷ್ಟಿಷ್ಟು ಫ್ಯಾಕ್ಸ್‌ಗೆ ಒಮ್ಮೆ ಮೆಷಿನ್ ತಾನೇ ಒಂದು ಜರ್ನಲ್ ಹೊರಗೆ ಹಾಕುತ್ತದೆ, ಹಿಂದಿನ ಎಲ್ಲ ಫ್ಯಾಕ್ಸ್‌ಗಳ ಪಟ್ಟಿ, ಅದರ ಮೇಲೂ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ ಅಪಾಯ ರೀಡಯಲ್ ಬಟನ್. ನೀವು ಊಟಕ್ಕೆ ಎದ್ದ ಮೇಲೆ ಯಾರಾದರೂ ಆ ಬಟನ್ ಒತ್ತಿದರೆ ಸಾಕು, ನಿಮ್ಮ ಕೋಡ್ ಒಂದೊಂದೇ ಅಂಕಿಯಾಗಿ ಪರದೆ ಮೇಲೆ ಬರುತ್ತದೆ.

ರಿಪೋರ್ಟನ್ನೇ ಬಂದ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಬೇಡ. ನಾಳೆ ಬ್ಯಾಂಕಿನವರು ನಿಮ್ಮ ಪತ್ರ ಬಂದೇ ಇಲ್ಲ ಅಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಚೀಟಿ ಒಂದೇ. ಬೇರೆ ದಾರಿ ಇದೆ. ನಿಮ್ಮ ಮೆಷಿನ್ ಹಿಂದೆ ಇನ್ನೊಂದು ಫೋನ್ ಸಿಕ್ಕಿಸುವ ಸಾಕೆಟ್ ಇದ್ದರೆ ಒಂದು ಸಾದಾ ಫೋನ್ ಹಾಕಿ. ಅದರಿಂದ ಡಯಲ್ ಮಾಡಿ. ಆ ಕಡೆಯಿಂದ ಕೀಚಲು ಶಬ್ದ ಬಂದ ತಕ್ಷಣ ಮೆಷಿನ್‌ನ ಸ್ಟಾರ್ಟ್ ಒತ್ತಿ ರಿಸೀವರ್ ಇಡಿ. ಆಗ ನೀವು ಏನು ಒತ್ತಿದಿರಿ ಅನ್ನುವುದು ಮೆಷಿನ್‌ಗೆ ಗೊತ್ತೇ ಆಗುವುದಿಲ್ಲ. ಆ ಕಡೆಯವರ ಮೆಷಿನ್ ತನ್ನ ನಂಬರನ್ನು ತಾನೇ ಹೇಳಿಕೊಂಡರೆ ಅದಷ್ಟೇ ರಿಪೋರ್ಟ್‌ನಲ್ಲಿ ಬರುತ್ತದೆ. ಸಾದಾ ಫೋನಿಗೂ ರೀಡಯಲ್ ಇರುತ್ತದೆ, ಮರೆಯಬೇಡಿ. ಕೆಲಸ ಮುಗಿದ ಮೇಲೆ ರಿಸೀವರ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ ಇಡಿ. ರೀಡಯಲ್‌ನಲ್ಲಿ ಆ ಒಂದು ಅಂಕಿ ಉಳಿಯುತ್ತದೆ.

ಕೆಲವು ದೊಡ್ಡ ಮೆಷಿನ್‌ಗಳಲ್ಲಿ, ಉದಾಹರಣೆಗೆ ಜೆರಾಕ್ಸ್ ಕಂಪನಿಯವುಗಳಲ್ಲಿ, ಕೋಡ್‌ನ ಹಿಂದೆ ಮುಂದೆ ಒಂದು ಓರೆಗೆರೆ ಹಾಕಿದರೆ ನಡುವಿನ ಅಂಕಿಗಳು ನಕ್ಷತ್ರ ಚಿಹ್ನೆಯಾಗಿ (*) ಕಾಣುತ್ತವೆ. ನಿಮ್ಮದರಲ್ಲಿ ಇಂಥದ್ದು ಇದೆಯಾ ಅಂತ ಮ್ಯಾನ್ಯುಯಲ್ ನೋಡಿ.

ಭತ್ತದ ಲೋಡ್, ಗಂಗಾವತಿ

ನಮ್ಮ ರೈಸ್ ಮಿಲ್‌ನಲ್ಲೂ ಇದೇ ತೊಂದರೆ ಇತ್ತು ಮೇಡಂ. ನಾವು ಸುಲಭ ಮಾಡಿಕೊಂಡೆವು. ಕೋಡ್ ಮತ್ತು ನಂಬರ್ ಎರಡನ್ನೂ ಸೇರಿಸಿ ಒನ್ ಟಚ್ ಬಟನ್‌ಗೆ ಹಾಕಿಬಿಟ್ಟೆವು. ಮೇಲೆ ಪಾರ್ಟಿಯ ಹೆಸರು ಮಾತ್ರ ಕಾಣುತ್ತದೆ. ಈಗ ಯಾರೂ ಕೋಡ್ ಒತ್ತುವುದೇ ಇಲ್ಲ, ಹಾಗಾಗಿ ಯಾರೂ ನೋಡುವುದೂ ಇಲ್ಲ.

ಇನ್ನೊಂದು ಮಾತು. ನಿಮ್ಮ ಮೆಷಿನ್ ಫಿಲ್ಮ್ ರೋಲ್ ಹಾಕುವಂಥದ್ದಾ? ಪ್ಯಾನಾಸೋನಿಕ್ ಕೆಎಕ್ಸ್-ಎಫ್‌ಪಿ ಮಾದರಿಗಳೆಲ್ಲ ಹಾಗೇ. ಹಾಗಿದ್ದರೆ ಮುಗಿದ ರೋಲ್ ಬಿಸಾಡಬೇಡಿ. ಆ ಕರಿ ಫಿಲ್ಮ್‌ನಲ್ಲಿ ಅಕ್ಷರ ಇದ್ದಷ್ಟು ಜಾಗದ ಮಸಿ ಕಾಗದಕ್ಕೆ ಹೋಗಿ ಅಲ್ಲಿ ಬಯಲಾಗಿರುತ್ತದೆ. ಬಂದ ಪ್ರತಿ ಪುಟವೂ ಸಾಲಾಗಿ ಅದರಲ್ಲಿ ಹಾಗೇ ಉಳಿದಿರುತ್ತದೆ. ನಮ್ಮ ಮಿಲ್‌ನ ರೋಲ್ ಒಂದನ್ನು ಮಕ್ಕಳು ಬೀದಿಯಲ್ಲಿ ಬಿಚ್ಚಿ ಓಡಾಡುತ್ತಿದ್ದರು. ಅದರಲ್ಲಿ ನಮ್ಮ ಸೋನಾ ಮಸೂರಿ ರೇಟು, ಕೊಡುವವರ ಹೆಸರು, ಎಲ್ಲ ಓದಲಿಕ್ಕೆ ಬರುತ್ತಿತ್ತು.

ಲೈನ್ ಮಿಸ್ತ್ರಿ, ಶಕ್ತಿನಗರ

ಅಣ್ಣಾ, ಫಿಲ್ಮ್ ರೋಲ್ ಮಾತು ನೂರಕ್ಕೆ ನೂರು ಸರಿ, ನಾನೇ ಬರೆಯಬೇಕಿತ್ತು. ಒನ್ ಟಚ್ ವಿಷಯ ಮಾತ್ರ ಒಪ್ಪುವುದಿಲ್ಲ. ಮೆನುವಿನಲ್ಲಿ ನಂಬರ್‌ಗಳ ಪಟ್ಟಿ ಪ್ರಿಂಟ್ ಮಾಡುವ ಆಯ್ಕೆ ಇರುತ್ತದೆ. ಎರಡು ಬಟನ್ ಒತ್ತಿದರೆ ನಿಮ್ಮ ಎಲ್ಲ ಒನ್ ಟಚ್ ನಂಬರ್‌ಗಳೂ ಕೋಡ್ ಸಮೇತ ಒಂದು ಹಾಳೆಯಲ್ಲಿ ಹೊರಗೆ ಬರುತ್ತವೆ. ರಿಪೋರ್ಟ್‌ನಲ್ಲೂ ಹಲವು ಮೆಷಿನ್‌ಗಳು ಹೆಸರಿನ ಜೊತೆ ನಂಬರ್ ಹಾಕುತ್ತವೆ. ಮೆಷಿನ್ ರಿಪೇರಿಗೆ ಹೋದರೆ ಕೋಡ್ ಕೂಡ ಅದರ ಜೊತೆ ರಿಪೇರಿ ಅಂಗಡಿಗೆ ಹೋದಂತೆ. ದಯವಿಟ್ಟು ಇವತ್ತೇ ತೆಗೆದುಹಾಕಿ.

ಅಕ್ಕಾ, ನಿಜವಾದ ಪರಿಹಾರ ಅಂದರೆ ಫ್ಯಾಕ್ಸ್‌ಗೆ ಕೋಡೇ ಬೇಡದಂತೆ ಮಾಡುವುದು. ಇಪಿಎಬಿಎಕ್ಸ್‌ನಲ್ಲಿ ಪ್ರತಿ ಎಕ್ಸ್‌ಟೆನ್ಷನ್‌ಗೂ ಕ್ಲಾಸ್ ಆಫ್ ಸರ್ವಿಸ್, ಅಂದರೆ ಯಾವ ಯಾವ ಕರೆ ಮಾಡಬಹುದು ಅನ್ನುವ ಸೆಟ್ಟಿಂಗ್, ಅಂತ ಇರುತ್ತದೆ. ಫ್ಯಾಕ್ಸ್ ಎಕ್ಸ್‌ಟೆನ್ಷನ್‌ಗೆ ನೀವು ದಿನಾ ಕಳಿಸುವ ನಾಲ್ಕೈದು ನಂಬರ್ ಮಾತ್ರ ಬಿಡಿಸಿ, ಉಳಿದ ಐಎಸ್‌ಡಿ ಪೂರ್ತಿ ಬಂದ್. ಆಮೇಲೆ ರಿಪೋರ್ಟ್ ಯಾರ ಕೈಗೆ ಹೋದರೂ ಅದರಲ್ಲಿ ಕದಿಯುವಂಥದ್ದು ಏನೂ ಇರುವುದಿಲ್ಲ. ಹಾಗೇ ಬೋರ್ಡ್‌ನ ಪ್ರೋಗ್ರಾಮಿಂಗ್ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದೆಯಾ ಕೇಳಿ. ಅದು ಮ್ಯಾನ್ಯುಯಲ್‌ನಲ್ಲೇ ಅಚ್ಚಾಗಿರುತ್ತದೆ. ನಾನು ಹೋದ ಆಫೀಸುಗಳಲ್ಲಿ ಅದನ್ನು ಬದಲಿಸಿದವರು ಬಹಳ ಕಡಿಮೆ.

ನಿವೃತ್ತ ಬ್ಯಾಂಕ್ ಗುಮಾಸ್ತ, ಬಳ್ಳಾರಿ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಮೆಷಿನ್ ವಿಷಯ ಶಕ್ತಿನಗರದವರು ಚೆನ್ನಾಗಿ ಹೇಳಿದ್ದಾರೆ. ನಾನು ಕೋಡ್ ಇಟ್ಟುಕೊಳ್ಳುವ ರೀತಿಯ ಬಗ್ಗೆ ಹೇಳುತ್ತೇನೆ, ಅದರಲ್ಲೇ ನನ್ನ ಸರ್ವೀಸ್ ಕಳೆದಿದೆ.

ಕಂಪ್ಯೂಟರ್ ಬರುವ ಮುಂಚೆ ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ದುಡ್ಡು ಬೇಗ ಹೋಗಬೇಕಾದರೆ ಟಿಟಿ ಕಳಿಸುತ್ತಿದ್ದೆವು. ತಂತಿಯ ಮೂಲಕ. ತಂತಿ ನಿಜವಾಗಿ ನಮ್ಮ ಶಾಖೆಯದ್ದೇ ಅಂತ ಆ ಕಡೆಯವರಿಗೆ ಗೊತ್ತಾಗಲು ಒಂದು ಗುಟ್ಟಿನ ಸಂಖ್ಯೆ ಇರುತ್ತಿತ್ತು. ಅದನ್ನು ಲೆಕ್ಕ ಹಾಕುವ ಪುಸ್ತಕ ಅಧಿಕಾರಿಯ ಬೀಗದಲ್ಲಿ. ನಾನು ತಂತಿಯ ಮಾತು ಬರೆದುಕೊಡುತ್ತಿದ್ದೆ, ಸಂಖ್ಯೆಯ ಜಾಗ ಖಾಲಿ ಬಿಡುತ್ತಿದ್ದೆ. ಅಧಿಕಾರಿ ಬಾಗಿಲು ಎಳೆದುಕೊಂಡು ಅದನ್ನು ತುಂಬಿ ತರುತ್ತಿದ್ದರು. ಲೆಕ್ಕ ಹಾಕಿದ ಚೂರು ಕಾಗದವನ್ನು ನನ್ನ ಎದುರಿಗೇ ಹರಿಯುತ್ತಿದ್ದರು. ನನ್ನ ಮೇಲೆ ಅವರಿಗೆ ಅನುಮಾನ ಇರಲಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ಹೆಸರು ಬರಬಾರದು ಅಂತ ಹಾಗೆ ಮಾಡುತ್ತಿದ್ದರು. ಅದು ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾಯಿತು. ನಿಮ್ಮ ಹುಡುಗನಿಗೆ ಆ ರಕ್ಷಣೆ ಇರಲಿಲ್ಲ, ತಂಗಿ. ಅವನು ತಿರುಗಿ ನಿಂತ. ಆದರೂ ಚೀಟಿ ಅವನ ಕೈಗೇ ಬರುತ್ತಿತ್ತು.

ಬ್ಯಾಂಕಿಗೆ ಕಳಿಸುವ ಫ್ಯಾಕ್ಸ್ ಪತ್ರದಲ್ಲಿ ಯಾವ ಕೋಡೂ ಬರೆಯಬೇಡಿ. ಈಗಿನ ಫ್ಯಾಕ್ಸ್‌ನ ಗ್ರೂಪ್ 3 ಪದ್ಧತಿ 1980ರದ್ದು. ಮಾತನ್ನು ಮುಚ್ಚಿ ಕಳಿಸುವ ಏರ್ಪಾಡು ಸಾಮಾನ್ಯ ಫ್ಯಾಕ್ಸ್‌ನಲ್ಲಿ ಇಲ್ಲ. ಆ ಕಡೆ ಟ್ರೇನಲ್ಲಿ ಬಿದ್ದ ಕಾಗದವನ್ನು ಮೊದಲು ಯಾರು ಎತ್ತಿಕೊಳ್ಳುತ್ತಾರೋ ಅವರದ್ದು. ಒಂದು ಅಂಕಿ ತಪ್ಪಿದರೆ ಪತ್ರ ಯಾರದೋ ಮನೆಗೆ ಹೋಗುತ್ತದೆ. ಬ್ಯಾಂಕಿನವರು ಖಾತ್ರಿ ಮಾಡಿಕೊಳ್ಳಬೇಕಾದರೆ ಅವರೇ ಸಾಹುಕಾರರ ನಂಬರಿಗೆ ಫೋನ್ ಮಾಡಲಿ. ಪತ್ರ ಒಂದು ದಾರಿಯಲ್ಲಿ, ಗುರುತು ಇನ್ನೊಂದು ದಾರಿಯಲ್ಲಿ ಹೋಗಬೇಕು.

ಕಾನೂನೂ ಇದೆ. ಬೇರೆಯವರ ಪಾಸ್‌ವರ್ಡ್ ಅಥವಾ ಅಂಥ ಗುರುತನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಿಮ್ಮ ಲೈನ್ ಕೋಡ್ ಅದರಡಿ ಬರುತ್ತದೋ ಇಲ್ಲವೋ ವಕೀಲರು ಹೇಳಬೇಕು. ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಇಷ್ಟು ದೊಡ್ಡ ಆರೋಪವನ್ನು ದಾಖಲೆ ನೋಡದೆ 19 ವರ್ಷದ ಹುಡುಗನ ಮೇಲೆ ಹೊರಿಸಬಾರದು ಅಂತ ನಿಮ್ಮ ಸಾಹುಕಾರರ ಮಗನಿಗೆ ತಿಳಿಸಿ.

ಗಂಜ್ ಲೆಕ್ಕದಕ್ಕ, ರಾಯಚೂರು

ಅಣ್ಣಂದಿರಿಗೆ, ಹಿರಿಯರಿಗೆ ಕೈ ಮುಗಿದು ಹೇಳುತ್ತಿದ್ದೇನೆ, ನಿಮ್ಮ ಉಪಕಾರ ಮರೆಯುವುದಿಲ್ಲ. ಐದು ದಿನ ಬರೆಯಲು ಆಗಲಿಲ್ಲ. ಎಲ್ಲ ವಿವರವಾಗಿ ಹೇಳುತ್ತೇನೆ.

ಎಸ್‌ಎಂಡಿಆರ್ ತೆಗೆಸಿದೆವು. ಆ ನಂಬರಿಗೆ ಒಟ್ಟು 11 ಕರೆ. ಎಲ್ಲವೂ ರಾತ್ರಿ ಎಂಟೂವರೆ ಮೇಲೆ. ಹುಡುಗ ಆರೂಕಾಲಿನ ಬಸ್ ಹಿಡಿಯುತ್ತಾನೆ, ಅದು ತಪ್ಪಿದರೆ ಅವನ ಊರಿಗೆ ಬೇರೆ ಬಸ್ಸೇ ಇಲ್ಲ. ಕರೆಗಳು ಹೋದದ್ದು ಫ್ಯಾಕ್ಸ್‌ನಿಂದಲೂ ಅಲ್ಲ, ಆಫೀಸಿನಿಂದಲೂ ಅಲ್ಲ. ಗೇಟ್ ಪಕ್ಕದ ವೇಬ್ರಿಡ್ಜ್ (ಲಾರಿ ತೂಕ ಮಾಡುವ) ಕೋಣೆಯ ಎಕ್ಸ್‌ಟೆನ್ಷನ್‌ನಿಂದ.

ಅಲ್ಲಿಗೆ ನನ್ನ ಕೋಡ್ ಹೇಗೆ ಹೋಯಿತು ಅಂತ ನೋಡಲು ನಾನೇ ಹೋದೆ. ಟೇಬಲ್ ಮೇಲೆ ಒಂದು ಕ್ಲಿಪ್ ಪ್ಯಾಡ್. ಅದರಲ್ಲಿ ಸಣ್ಣ ಸಣ್ಣ ಚೀಟಿಗಳ ಕಟ್ಟು. ಮೇಲಿನ ಚೀಟಿಯಲ್ಲಿ ಲಾರಿ ನಂಬರ್, ಕೆಳಗೆ ತುಂಬಿದ ತೂಕ, ಖಾಲಿ ತೂಕ, ಪೆನ್ಸಿಲ್‌ನಲ್ಲಿ ಕಳೆದ ಲೆಕ್ಕ. ಚೀಟಿ ತಿರುಗಿಸಿದೆ. ನನ್ನ ಫ್ಯಾಕ್ಸ್ ರಿಪೋರ್ಟ್. ನಾಲ್ಕು ಅಂಕಿ, ಅಡ್ಡಗೆರೆ, ಸೊನ್ನೆ, 00880. ವರ್ಷ ಕಳೆದ ರಿಪೋರ್ಟ್‌ಗಳನ್ನು ಫೈಲಿನಿಂದ ಬಿಚ್ಚಿ, ಒಂದು ಬದಿ ಖಾಲಿ ಇದೆ, ಹಾಳು ಮಾಡುವುದು ಯಾಕೆ ಅಂತ ನಾನೇ ಕಟ್ಟು ಕಟ್ಟಿ ತೂಕದ ಕೋಣೆಗೆ ಕಳಿಸುತ್ತಿದ್ದೆ. ಎಷ್ಟೋ ವರ್ಷದಿಂದ. ಆ ಕೋಣೆಗೆ ದಿನಕ್ಕೆ 20 ಜನ ಬಂದು ಹೋಗುತ್ತಾರೆ. ಲಾರಿಯವರು, ಹಮಾಲರು, ದಲ್ಲಾಳಿಗಳ ಕಡೆಯವರು. ಕೋಡನ್ನೂ ನಾನು ವರ್ಷಗಳಿಂದ ಬದಲಿಸಿರಲಿಲ್ಲ. ಯಾರು ಕರೆ ಮಾಡಿದರು ಅಂತ ಹೇಳಲು ಈಗ ಯಾರಿಂದಲೂ ಆಗುವುದಿಲ್ಲ.

ಸಾಹುಕಾರರ ಮುಂದೆ ಎಸ್‌ಎಂಡಿಆರ್ ಕಾಗದವನ್ನೂ ತೂಕದ ಚೀಟಿಯನ್ನೂ ಪಕ್ಕಪಕ್ಕ ಇಟ್ಟೆ. ತಪ್ಪು ನನ್ನದು, ಹಿಡಿಯುವುದಿದ್ದರೆ ನನ್ನ ಸಂಬಳದಿಂದ ಹಿಡಿಯಿರಿ ಅಂದೆ. ಅವರು ಬಹಳ ಹೊತ್ತು ಚೀಟಿಯನ್ನೇ ನೋಡಿದರು. ಯಾರ ಸಂಬಳದಲ್ಲೂ ಹಿಡಿಯುವುದು ಬೇಡ ಅಂದರು. ಆಮೇಲೆ ಮಗನನ್ನು ಕರೆದು ಹುಡುಗನ ಎದುರಿಗೇ, "ತಪ್ಪಾತು ಅಂತ ಹೇಳು" ಅಂದರು. ಅವನು ಹೇಳಿದ.

ಬೋರ್ಡಿನವರು ಬಂದು ಫ್ಯಾಕ್ಸ್ ಎಕ್ಸ್‌ಟೆನ್ಷನ್‌ಗೆ 6 ನಂಬರ್ ಮಾತ್ರ ಬಿಡಿಸಿದ್ದಾರೆ. ಕೋಡ್ ಒತ್ತುವುದೇ ಇಲ್ಲ ಈಗ. ಮೂರೂ ಕೋಡ್ ಬದಲಾದವು, ವೇಬ್ರಿಡ್ಜ್ ಫೋನಿಗೆ ಐಎಸ್‌ಡಿ ಬಂದ್. ಬೋರ್ಡ್‌ನ ಪಾಸ್‌ವರ್ಡ್ ಮಿಸ್ತ್ರಿ ಅಣ್ಣ ಹೇಳಿದಂತೆ ಮೊದಲಿನದ್ದೇ ಇತ್ತು, ಅದನ್ನೂ ಬದಲಿಸಿದರು.

ಗಂಗಾವತಿಯ ಅಣ್ಣ ಹೇಳಿದ ಫಿಲ್ಮ್ ರೋಲ್ ಹುಡುಕಿದೆ. ಬೀರುವಿನ ಕೆಳಗಿನ ಖಾನೆಯಲ್ಲಿ 5 ಇದ್ದವು. ಒಂದನ್ನು ಬಿಚ್ಚಿ ಕಿಟಕಿಗೆ ಹಿಡಿದೆ. ಮಧ್ಯಾಹ್ನದ ಬಿಸಿಲು ಅಕ್ಷರಗಳ ಮೂಲಕ ಹಾದು ಬರುತ್ತಿತ್ತು. ಬ್ಯಾಂಕಿನಿಂದ ಬಂದ ಪತ್ರ, ಢಾಕಾದ ಆರ್ಡರ್, ನಡುನಡುವೆ ನನ್ನ ರಿಪೋರ್ಟ್‌ಗಳು. ರಿಪೋರ್ಟ್ ಕೂಡ ಇದೇ ಫಿಲ್ಮ್‌ನಿಂದ ಪ್ರಿಂಟ್ ಆಗುತ್ತದೆ ಅಂತ ಆಗ ಹೊಳೆಯಿತು. ಕರಿ ಫಿಲ್ಮ್ ಮೇಲೆ ಬೆಳ್ಳಗೆ ನನ್ನ ಹಳೆಯ ಕೋಡ್ ಓದಲಿಕ್ಕೆ ಬರುತ್ತಿತ್ತು.

ಹುಡುಗನೂ ನಾನೂ ಕೂತು ಕತ್ತರಿಯಿಂದ ತುಂಡು ಮಾಡುತ್ತಿದ್ದೇವೆ. ಅವನು ಹಿಡಿದು ಕೊಡುತ್ತಾನೆ, ನಾನು ಕತ್ತರಿಸುತ್ತೇನೆ. ಕೈಗೆಲ್ಲ ಮಸಿ. ಇವತ್ತಿಗೆ ಎರಡು ರೋಲ್ ಮುಗಿದವು. ಉಳಿದ ಮೂರು ಸೋಮವಾರ.